ಎಲ್ಲರಿಗೂ ಕಾಣುವುದು ಒಂದು, ಸಾರ್ವಜನಿಕರಾಗುವುದು ಇನ್ನೊಂದು

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮೂರು ಕೊಪ್ಪಳ ಜಿಲ್ಲೆಯ ಹುಲಿಗಿ ಹತ್ತಿರ. ಕ್ವಿಯರ್ ಥಿಯರಿ (ಗಂಡು-ಹೆಣ್ಣಿನ ಜೋಡಿಯೊಂದೇ ಸಹಜ ಅನ್ನುವುದನ್ನು ಪ್ರಶ್ನಿಸುವ ಚಿಂತನೆ) ಮತ್ತು ಸಾರ್ವಜನಿಕ ವಲಯದ ಬಗ್ಗೆ ಅಮೆರಿಕದ ವಿದ್ವಾಂಸ ಮೈಕಲ್ ವಾರ್ನರ್ ಬರೆದದ್ದನ್ನು ಓದಿ ಸೆಮಿನಾರ್ ಕೊಡಲು ಹೇಳಿದ್ದಾರೆ. 'ಕೌಂಟರ್‌ಪಬ್ಲಿಕ್' ಅನ್ನುವುದು ತಲೆಗೆ ಹತ್ತುತ್ತಿಲ್ಲ. ಗೇ, ಲೆಸ್ಬಿಯನ್ ಜನರ ಮಾತು ಬಂದರೆ ನನ್ನ ಗೆಳೆಯ, "ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ಮನೆಯೊಳಗೆ ಇಟ್ಟುಕೊಳ್ಳಲಿ, ಬೀದಿಗೆ ಯಾಕೆ ತರಬೇಕು?" ಅನ್ನುತ್ತಾನೆ. ಇನ್ನೊಂದು ಕಡೆ, ನಮ್ಮ ಹುಲಿಗೆಮ್ಮನ ಗುಡಿ ಮುಂದೆ, ಅಮ್ಮನಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪಂದಿರು ಸಾವಿರಾರು ಜನರ ಎದುರಿಗೇ ಕುಣಿಯುತ್ತಾರೆ, ಜನ ಕಾಲಿಗೂ ಬೀಳುತ್ತಾರೆ. ಹಾಗಿದ್ದ ಮೇಲೆ ಅಮೆರಿಕದ ಈ ಸಿದ್ಧಾಂತ ನಮಗೆ ಯಾಕೆ ಬೇಕು?

ಉತ್ತರ: ನಿಮ್ಮ ಗೆಳೆಯನಿಂದಲೇ ಶುರು ಮಾಡೋಣ. "ಮನೆಯೊಳಗೆ ಇಟ್ಟುಕೊಳ್ಳಲಿ" ಅನ್ನುವವರು ಕೆಟ್ಟವರೇನಲ್ಲ. ತಾವು ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದೇವೆ ಅಂತಲೇ ಅಂದುಕೊಂಡಿರುತ್ತಾರೆ. ವಾರ್ನರ್ ಜಗ್ಗಾಡಿದ್ದು ಬೈಯುವವರ ಜೊತೆಗಿಂತ ಜಾಸ್ತಿ ಈ ದೊಡ್ಡ ಮನಸ್ಸಿನವರ ಜೊತೆಗೆ. ಅವರ ಕೆಲಸ ಅರ್ಥ ಆಗಬೇಕಾದರೆ ಇದು ಒಳ್ಳೆಯ ಬಾಗಿಲು.

ಮದುವೆ ಸೀಸನ್‌ನಲ್ಲಿ ಒಂದು ಸಂಜೆ ಬಳ್ಳಾರಿಯ ಯಾವುದಾದರೂ ದೊಡ್ಡ ಸರ್ಕಲ್‌ನಲ್ಲಿ ನಿಂತು ನೋಡಿ. ಮೆರವಣಿಗೆ ಬರುತ್ತದೆ, ಡಿಜೆ ಬರುತ್ತದೆ, ಬಸ್ಸು ಲಾರಿ ಎಲ್ಲ ನಿಲ್ಲುತ್ತವೆ. ಕಂಬದ ಮೇಲೆ ಗಂಡು ಹೆಣ್ಣಿನ ಫ್ಲೆಕ್ಸ್ ಇರುತ್ತದೆ. "ಇದನ್ನೆಲ್ಲ ಮನೆಯೊಳಗೆ ಇಟ್ಟುಕೊಳ್ಳಿ" ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಹಾರ್ನ್ ಹೊಡೆಯುತ್ತಾರೆ, ಅಷ್ಟೇ.

ಇನ್ನೂ ಹತ್ತಿರ ಹೋಗೋಣ. ಮನೆಗೆ ಬಂದ ಒಂದು ಲಗ್ನಪತ್ರಿಕೆ ತೆಗೆದು ಓದಿ. ಮೇಲೆ ಮನೆದೇವರ ಹೆಸರು. ಅದರ ಕೆಳಗೆ ಅಜ್ಜ ಅಜ್ಜಿ, ತೀರಿಕೊಂಡಿದ್ದರೆ ಹೆಸರಿನ ಹಿಂದೆ 'ದಿವಂಗತ'. ನಡುವೆ 'ಚಿ.' ಮತ್ತು 'ಚಿ. ಸೌ.', ಇಬ್ಬರ ಡಿಗ್ರಿ, ಹುಡುಗನ ನೌಕರಿ. ಆಮೇಲೆ 'ತಮ್ಮ ಸುಖಾಗಮನವನ್ನು ಬಯಸುವವರು' ಅಂತ ಬಂಧುಗಳ ಉದ್ದ ಪಟ್ಟಿ. ಮೂಲೆಯಲ್ಲಿ 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಅಂತ ಎರಡು ಮಕ್ಕಳ ಹೆಸರು. ಇಬ್ಬರು ಇವತ್ತಿನಿಂದ ಒಟ್ಟಿಗೆ ಮಲಗುತ್ತಾರೆ ಅನ್ನುವ ಸುದ್ದಿಯನ್ನು ದೇವರು, ಪಿತೃಗಳು, ನೌಕರಿ, ಚಿಕ್ಕ ಮಕ್ಕಳು ಎಲ್ಲರನ್ನೂ ಸೇರಿಸಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದೇವೆ. ಇದರಲ್ಲಿ ಲೈಂಗಿಕತೆ ಇದೆ ಅಂತ ನಮಗೆ ಅನಿಸುವುದೇ ಇಲ್ಲ. ಹಾಗೆ ಅನಿಸದಿರುವುದೇ ಅದರ ಬಲ.

ಈ ಬಲಕ್ಕೆ ವಾರ್ನರ್ ಇಟ್ಟ ಹೆಸರು ಹೆಟರೊನಾರ್ಮೆಟಿವಿಟಿ. 1991ರಲ್ಲಿ 'ಸೋಷಿಯಲ್ ಟೆಕ್ಸ್ಟ್' ಪತ್ರಿಕೆಯ ಲೇಖನದಲ್ಲಿ ಅವರು ಈ ಮಾತನ್ನು ಬಳಸಿದರು. 1993ರಲ್ಲಿ 'ಫಿಯರ್ ಆಫ್ ಎ ಕ್ವಿಯರ್ ಪ್ಲಾನೆಟ್' ಪುಸ್ತಕ ಬಂದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ಗಂಡು ಹೆಣ್ಣನ್ನು ಇಷ್ಟಪಡುವುದು ತಪ್ಪು ಅಂತ ಇದರ ಅರ್ಥ ಅಲ್ಲ. ಮನೆ, ಆಸ್ತಿ, ಶಾಲೆ, ಕಾನೂನು, ಕೊನೆಗೆ ಭವಿಷ್ಯ ಅನ್ನುವ ಕಲ್ಪನೆ ಕೂಡ ಗಂಡ-ಹೆಂಡತಿ-ಮಕ್ಕಳು ಅನ್ನುವ ಒಂದೇ ಅಚ್ಚಿನ ಮೇಲೆ ಕೂತಿದೆ ಅಂತ ಅರ್ಥ. ಅಚ್ಚಿನೊಳಗೆ ಇರುವವನಿಗೆ ಅಚ್ಚು ಕಾಣುವುದಿಲ್ಲ. ಹೊರಗಿರುವವನು ದಿನಕ್ಕೆ ಹತ್ತು ಸಲ ಅದಕ್ಕೆ ಎಡವುತ್ತಾನೆ. 'ಮನೆ ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ' ಅನ್ನುವ ಬೋರ್ಡ್ ಮುಂದೆ ನಿಂತು ನೋಡಿದರೆ ಗೊತ್ತಾಗುತ್ತದೆ.

1998ರಲ್ಲಿ ವಾರ್ನರ್ ಮತ್ತು ಅಮೆರಿಕದ ಇನ್ನೊಬ್ಬ ವಿದ್ವಾಂಸರಾದ ಲಾರೆನ್ ಬರ್ಲಾಂಟ್ ಸೇರಿ 'ಸೆಕ್ಸ್ ಇನ್ ಪಬ್ಲಿಕ್' ಅನ್ನುವ ಲೇಖನ ಬರೆದರು. ಹೆಸರು ನೋಡಿ ಹುಡುಗರು ನಗುತ್ತಾರೆ, ನಗಲಿ ಬಿಡಿ. ಅದರ ಒಂದು ಮುಖ್ಯ ಉದಾಹರಣೆ ನ್ಯೂಯಾರ್ಕ್ ನಗರದ 1995ರ ವಲಯ ನಿಯಮ. ವಯಸ್ಕರ ಪುಸ್ತಕದಂಗಡಿ, ಥಿಯೇಟರ್, ಕ್ಲಬ್ಬುಗಳು ಜನವಸತಿಯಲ್ಲಿ ಇರಕೂಡದು, ಶಾಲೆ ಮತ್ತು ಪ್ರಾರ್ಥನಾ ಸ್ಥಳಗಳಿಂದ 500 ಅಡಿ ದೂರ ಇರಬೇಕು, ಒಂದರಿಂದೊಂದು ಕೂಡ ಅಷ್ಟೇ ದೂರ ಇರಬೇಕು ಅಂತ ಅದು ಹೇಳಿತು. ಊರು ಸ್ವಚ್ಛ ಆಗಲಿ ಅನ್ನುವ ಒಳ್ಳೆಯ ಉದ್ದೇಶ ಅಂತಲೇ ಎಲ್ಲರಿಗೂ ಅನಿಸಿತು. ಆದರೆ ಅದೇ ಬೀದಿಗಳಲ್ಲಿ ಗೇ ಗಂಡಸರು ಒಬ್ಬರನ್ನೊಬ್ಬರು ಕಂಡುಕೊಂಡಿದ್ದರು. ಏಡ್ಸ್ ಕಾಯಿಲೆ ಬಗ್ಗೆ ತಿಳಿದುಕೊಂಡಿದ್ದರು, ಸಂಘಟನೆ ಕಟ್ಟಿದ್ದರು. ಅಂಗಡಿಗಳನ್ನು ಚದುರಿಸಿದರೆ ಆ ಜನವೂ ಚದುರುತ್ತದೆ. ಕತ್ತಲಿನ, ಬಸ್ಸಿಲ್ಲದ, ಹೊಡೆತ ತಿನ್ನುವ ಜಾಗಗಳಿಗೆ ಹೋಗಬೇಕಾಗುತ್ತದೆ. ಬೀದಿ ಇಲ್ಲದೆ ಆ ಖಾಸಗಿ ಬದುಕೂ ಉಳಿಯುವುದಿಲ್ಲ ಅನ್ನುವುದು ಅವರ ವಾದ.

ಇದು ನಮ್ಮ ಕಾನೂನಿನ ಕಥೆಗೂ ತಾಗುತ್ತದೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ದಂಡ ಸಂಹಿತೆಯ 377ನೇ ಕಲಂ ಬಗ್ಗೆ ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿದ್ದು, ಒಪ್ಪಿಗೆ ಇರುವ ವಯಸ್ಕರು ಖಾಸಗಿಯಾಗಿ ಮಾಡುವುದು ಅಪರಾಧ ಅಲ್ಲ ಅಂತ. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರ ಪೀಠ ಮತ್ತೆ ಬಿಡುಗಡೆ ಕೊಟ್ಟಿತು. ದೊಡ್ಡ ಗೆಲುವು, ಅನುಮಾನವೇ ಬೇಡ. 2018ರ ತೀರ್ಪಿನಲ್ಲಿ ಸಮಾನತೆ, ಘನತೆಯ ಮಾತೂ ಬೇಕಾದಷ್ಟು ಇದೆ. ಆದರೆ ಜನರ ಬಾಯಲ್ಲಿ ಉಳಿದದ್ದು 'ಖಾಸಗಿ' ಅನ್ನುವ ಒಂದೇ ಮಾತು. ನಿಮ್ಮ ಗೆಳೆಯ ಅದನ್ನೇ ಹೇಳುತ್ತಿದ್ದಾನೆ. ಬಳ್ಳಾರಿ ಕೌಲ್ ಬಜಾರಿನ ಎರಡು ಕೋಣೆಯ ಮನೆಯಲ್ಲಿ ಏಳು ಜನ ಇದ್ದರೆ, ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಹುಡುಗರಿದ್ದರೆ, ಯಾವ ಖಾಸಗಿ? ಬಾಗಿಲು ಹಾಕಿಕೊಳ್ಳಲು ಮೊದಲು ಬಾಗಿಲು ಇರಬೇಕು ಅಲ್ವಾ.

ಈಗ 'ಪಬ್ಲಿಕ್' ವಿಷಯಕ್ಕೆ ಬರೋಣ. ಇಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು.

ಜರ್ಮನಿಯ ಚಿಂತಕ ಹ್ಯಾಬರ್ಮಾಸ್ 1962ರಲ್ಲಿ ಸಾರ್ವಜನಿಕ ವಲಯದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಇಂಗ್ಲಿಷಿಗೆ ಬಂದದ್ದು 1989ರಲ್ಲಿ. ಹದಿನೆಂಟನೇ ಶತಮಾನದ ಯುರೋಪಿನ ಕಾಫಿ ಹೌಸು, ಪತ್ರಿಕೆಗಳಲ್ಲಿ ಜನ ತಮ್ಮ ಅಂತಸ್ತು ಬದಿಗಿಟ್ಟು ಸರಕಾರದ ಬಗ್ಗೆ ಚರ್ಚೆ ಮಾಡಿದರು, ಅಲ್ಲಿಂದ ಸಾರ್ವಜನಿಕ ಅಭಿಪ್ರಾಯ ಹುಟ್ಟಿತು ಅನ್ನುವ ಚಿತ್ರ ಅದು. ವಾರ್ನರ್ 1990ರ ತಮ್ಮ ಮೊದಲ ಪುಸ್ತಕ 'ದಿ ಲೆಟರ್ಸ್ ಆಫ್ ದಿ ರಿಪಬ್ಲಿಕ್'ನಲ್ಲಿ ಅದೇ ಶತಮಾನದ ಅಮೆರಿಕದ ಅಚ್ಚಿನ ಲೋಕವನ್ನು ನೋಡಿದರು. ಅಲ್ಲಿ ಹೆಸರಿಲ್ಲದ ಕರಪತ್ರಗಳಿಗೆ ಜಾಸ್ತಿ ಬೆಲೆ ಇತ್ತು. ಬರೆದವನು ಯಾರು ಅಂತ ಗೊತ್ತಿಲ್ಲ, ಆದ್ದರಿಂದ ಅದು ಎಲ್ಲರ ಮಾತು. ಕೇಳಲು ಚೆನ್ನಾಗಿದೆ. ಆದರೆ ತನ್ನ ಮೈಯನ್ನು ಹೀಗೆ ಮರೆಸಿ ಮಾತಾಡುವ ಸವಲತ್ತು ಯಾರಿಗಿತ್ತು? ಓದು ಬಲ್ಲ, ಆಸ್ತಿ ಇರುವ ಬಿಳಿಯ ಗಂಡಸರಿಗೆ. ಉಳಿದವರು ಬಾಯಿ ಬಿಟ್ಟರೆ ಮೊದಲು ಕಾಣುವುದು ಅವರ ಮೈ, ಆಮೇಲೆ ಮಾತು.

ನಮ್ಮ ಕಟ್ಟೆ ಪಂಚಾಯಿತಿಯಲ್ಲೂ ಅಷ್ಟೇ. ಗೌಡರು ಮಾತಾಡಿದರೆ ಅದು ಊರಿನ ಮಾತು. ಜೋಗಪ್ಪ ಎದ್ದು ಅದೇ ನಲ್ಲಿ ನೀರಿನ ಬಗ್ಗೆ ಮಾತಾಡಲಿ, ಕೂತವರು ಮೊದಲು ಸೀರೆ ನೋಡುತ್ತಾರೆ, ಆಮೇಲೆ ದನಿ ಕೇಳುತ್ತಾರೆ. ನೀರಿನ ವಿಷಯ ಎಲ್ಲೋ ಹೋಗಿರುತ್ತದೆ.

ನಿಮ್ಮ ಸೆಮಿನಾರಿಗೆ ಬೇಕಾದ ಮುಖ್ಯ ಪುಸ್ತಕ 2002ರ 'ಪಬ್ಲಿಕ್ಸ್ ಅಂಡ್ ಕೌಂಟರ್‌ಪಬ್ಲಿಕ್ಸ್'. ಅದರಲ್ಲಿ ಪಬ್ಲಿಕ್ ಅಂದರೆ ನೆರೆದ ಗುಂಪು ಅಲ್ಲ, ಒಂದು ದೇಶದ ಜನಸಂಖ್ಯೆಯೂ ಅಲ್ಲ. ಒಂದು ಮಾತು ಗುರುತಿಲ್ಲದ ಜನರನ್ನು ಉದ್ದೇಶಿಸಿ ಹೊರಡುತ್ತದೆ. ಅದಕ್ಕೆ ಯಾರು ಕಿವಿ ಕೊಡುತ್ತಾರೋ ಅವರೇ ಅದರ ಪಬ್ಲಿಕ್. ಬೀದಿಯಲ್ಲಿ ಮೈಕ್ ಕಟ್ಟಿಕೊಂಡ ಆಟೋ ಬರುತ್ತದಲ್ಲ, "ಬಳ್ಳಾರಿಯ ಮಹಾಜನತೆಯಲ್ಲಿ ವಿನಂತಿ" ಅಂತ? ಅದು ಯಾರಿಗೆ ಹೇಳುತ್ತಿದೆ? ಅದರ ಹತ್ತಿರ ಹೆಸರುಗಳ ಪಟ್ಟಿ ಇಲ್ಲ. ಅಂಗಡಿ ಕಟ್ಟೆ ಮೇಲೆ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದವರು ಒಂದು ಕ್ಷಣ ಕೈ ನಿಲ್ಲಿಸಿ ಕೇಳಿದರೆ, ಅಷ್ಟು ಹೊತ್ತು ಅವರು ಆ ಮಹಾಜನತೆ. ತಮಗೂ ಹೇಳಿದಂತಿದೆ, ತಮಗೊಬ್ಬರಿಗೇ ಹೇಳಿದ್ದಲ್ಲ ಅಂತಲೂ ಗೊತ್ತು. ವಾರ್ನರ್ ಹೇಳುವ ಪಬ್ಲಿಕ್ಕಿನ ಮೂರ್ನಾಲ್ಕು ಲಕ್ಷಣ ಇಷ್ಟರಲ್ಲೇ ಬಂದುಬಿಟ್ಟವು: ಅದನ್ನು ಯಾರೂ ಆದೇಶ ಮಾಡಿ ಕಟ್ಟಿದ್ದಲ್ಲ, ಗುರುತಿಲ್ಲದವರ ನಡುವಿನ ಸಂಬಂಧ ಅದು, ಬರೀ ಗಮನದಿಂದ ಉಂಟಾಗುತ್ತದೆ, ಗಮನ ಹೋದರೆ ಕರಗುತ್ತದೆ. ಇನ್ನೊಂದು ಸೇರಿಸಿಕೊಳ್ಳಿ. ಒಂದು ಸಲ ಹೇಳಿ ಮುಗಿದರೆ ಸಾಲದು, ಮಾತು ಸುತ್ತುತ್ತಿರಬೇಕು, ಅದಕ್ಕೆ ಉತ್ತರ ಬರಬೇಕು, ಉತ್ತರಕ್ಕೆ ಮತ್ತೊಂದು ಮಾತು ಬರಬೇಕು.

ಆ ಆಟೋ ಮುಂದುವರಿದು "ನಿಮ್ಮ ಮನೆಯವರಿಗೆ ಸೀರೆ" ಅನ್ನುತ್ತದೆ. ಅಂದರೆ ಕೇಳುವವನು ಗಂಡಸು, ಮದುವೆ ಆದವನು ಅಂತ ಹೊರಡುವಾಗಲೇ ಲೆಕ್ಕ ಹಾಕಿಬಿಟ್ಟಿದೆ. ಮಹಾಜನತೆಗೂ ಒಂದು ಅಚ್ಚು ಇದೆ.

ಕೌಂಟರ್‌ಪಬ್ಲಿಕ್ ಹುಟ್ಟುವುದು ಇಂಥ ಕಡೆ. ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ 1990ರಲ್ಲೇ ಈ ಮಾತು ಬಳಸಿದ್ದರು. ಕೆಳಗಿಟ್ಟ ಜನ ತಮ್ಮದೇ ಪತ್ರಿಕೆ, ಪುಸ್ತಕದಂಗಡಿ, ಸಭೆಗಳನ್ನು ಕಟ್ಟಿಕೊಂಡು ಬೇರೆ ವಾದ ಮಂಡಿಸುತ್ತಾರೆ ಅಂದರು. ಅಮೆರಿಕದ ಮಹಿಳಾ ಚಳವಳಿ ಅವರ ಉದಾಹರಣೆ. ವಾರ್ನರ್‌ಗೆ ಇದು ಸಾಲಲಿಲ್ಲ. ಇದು ಹ್ಯಾಬರ್ಮಾಸರ ಅದೇ ಚರ್ಚಾಕೂಟ, ಅದಕ್ಕೆ 'ವಿರೋಧ' ಅನ್ನುವ ಪದ ಸೇರಿಸಿದ್ದಷ್ಟೇ ಅನ್ನುವುದು ಅವರ ಆಕ್ಷೇಪ. ಕೌಂಟರ್‌ಪಬ್ಲಿಕ್‌ನಲ್ಲಿ ವಾದ ಮಾತ್ರ ಬೇರೆ ಇರುವುದಿಲ್ಲ, ಮಾತಾಡುವ ರೀತಿಯೇ ಬೇರೆ ಇರುತ್ತದೆ. ಅಲ್ಲಿ ನಗೆ, ಉಡುಗೆ, ಮೈ, ಪೋಲಿ ಮಾತು ಎಲ್ಲಕ್ಕೂ ಕೆಲಸ ಇದೆ. ಹೊರಗಿನವರು ಅದನ್ನು ಕೇಳಿದರೆ ಮೂಗು ಮುರಿಯುತ್ತಾರೆ. ಅದರಲ್ಲಿ ಭಾಗವಹಿಸಿದ್ದಕ್ಕೇ ಒಬ್ಬರಿಗೆ ಕಳಂಕ ಅಂಟುತ್ತದೆ.

ಈ ಕೊನೆಯ ಅಂಶವನ್ನು ನಿಮ್ಮ ವಿಭಾಗದ ನೋಟಿಸ್ ಬೋರ್ಡ್ ಮುಂದೆಯೇ ಪರೀಕ್ಷೆ ಮಾಡಬಹುದು. 'ರೈತರ ಸಮಸ್ಯೆ' ಅಂತ ಉಪನ್ಯಾಸದ ಹಾಳೆ ಅಂಟಿಸಿದರೆ ಯಾರು ಬೇಕಾದರೂ ನಿಂತು ಓದುತ್ತಾರೆ. ಓದಿದ್ದಕ್ಕೆ ಅವರನ್ನು ಯಾರೂ ರೈತ ಅನ್ನುವುದಿಲ್ಲ. 'ಲೈಂಗಿಕ ಅಲ್ಪಸಂಖ್ಯಾತರು' ಅಂತ ಹಾಳೆ ಅಂಟಿಸಿ ನೋಡಿ. ಹುಡುಗರು ನಡೆಯುತ್ತಾ ಓರೆಗಣ್ಣಲ್ಲಿ ಓದುತ್ತಾರೆ. ನಿಂತರೆ ಪಕ್ಕದವನು "ಏನೋ, ನೀನೂನಾ?" ಅನ್ನುತ್ತಾನೆ. ಆ ಹಾಳೆಯ ಮುಂದೆ ಪೂರ್ತಿ ಓದುವಷ್ಟು ಹೊತ್ತು ನಿಲ್ಲುವವರು ಯಾರು ಬೇಕಾದರೂ ಆಗಿರಬಹುದು, ಆದರೆ ನಿಂತ ಕೂಡಲೇ ಅವರ ಮೇಲೆ ಒಂದು ಗುರುತು ಬೀಳುತ್ತದೆ. ಆ ಗುರುತಿನ ಅಪಾಯ ತೆಗೆದುಕೊಂಡು ಅಪರಿಚಿತರು ಕೂಡುವ ಜಾಗವೇ ಕೌಂಟರ್‌ಪಬ್ಲಿಕ್. ಹಾಗಾಗಿ ಅದು ಒಂದು ಸಮುದಾಯದ ಇನ್ನೊಂದು ಹೆಸರಲ್ಲ. ಪರೀಕ್ಷೆಯಲ್ಲಿ ಬಹಳ ಜನ ತಪ್ಪು ಬರೆಯುವುದು ಇಲ್ಲಿಯೇ.

ಆ ಪುಸ್ತಕದ ಶುರುವಿನಲ್ಲೇ ವಾರ್ನರ್ ಒಂದು ಹಳೆಯ ಫೋಟೊ ಬಗ್ಗೆ ಬರೆಯುತ್ತಾರೆ. ಒಂದು ಮನೆಯೊಳಗೆ ಹೆಣ್ಣುಡುಗೆ ತೊಟ್ಟ ಗಂಡಸರು ಸೇರಿದ್ದಾರೆ. ಅವರ ಕೈಯಲ್ಲಿ ಕ್ಯಾಮೆರಾ ಇದೆ, ಒಬ್ಬರ ಫೋಟೊ ಒಬ್ಬರು ತೆಗೆಯುತ್ತಿದ್ದಾರೆ. ಇರುವುದು ನಾಲ್ಕು ಗೋಡೆಯ ಒಳಗೇ. ಆದರೂ ಆ ಕ್ಯಾಮೆರಾ ಮುಂದೆ ನಿಂತ ನಿಲುವಿನಲ್ಲಿ, ಹೊರಗೆಲ್ಲೋ ತಮ್ಮನ್ನು ಸರಿಯಾಗಿ ನೋಡಬಲ್ಲ ಜನ ಇದ್ದಾರೆ ಅನ್ನುವ ನಂಬಿಕೆ ಇದೆ.

ಈಗ ಹುಲಿಗಿಗೆ ಹೋಗೋಣ. ತುಂಗಭದ್ರೆಯ ದಂಡೆ, ಹುಣ್ಣಿಮೆ ದಿನ. ಚೌಡಿಕೆ ವಾದ್ಯ ಬಾರಿಸುತ್ತಾರೆ, ತಲೆಯ ಮೇಲೆ ಕೊಡ, ಹಣೆ ತುಂಬ ಭಂಡಾರ, "ಉಧೋ ಉಧೋ" ಅನ್ನುವ ಕೂಗು. ಜನ ಕೈ ಮುಗಿಯುತ್ತಾರೆ, ಪಡಲಗಿ ಬುಟ್ಟಿಗೆ ಕಾಸು ಹಾಕುತ್ತಾರೆ. ನೀವು ಹೇಳಿದ್ದು ನಿಜ, ಇಷ್ಟು ಬಹಿರಂಗ ಜಾಗ ಇನ್ನೊಂದಿಲ್ಲ. ಆದರೆ ಅಲ್ಲಿ ಯಾರಿಗೆ ಕೈ ಮುಗಿಯುತ್ತಿದ್ದಾರೆ? ಮೈಮೇಲೆ ಬಂದ ಅಮ್ಮನಿಗೆ. ಜೋಗಪ್ಪನಿಗೆ ಮಾತಾಡಲು ಅವಕಾಶ ಇರುವುದು ಅಮ್ಮನ ಬಾಯಾಗಿ. ಕುಣಿತ ಮುಗಿದ ಮೇಲೆ ಅದೇ ಜೋಗಪ್ಪ ಹೊಸಪೇಟೆ ಬಸ್ಸು ಹತ್ತಿದರೆ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇರುತ್ತದೆ. ಕಾಣುವುದು ಒಂದು, ಕೇಳಿಸಿಕೊಳ್ಳುವವರು ಇರುವುದು ಇನ್ನೊಂದು. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಷ್ಟೇ. ವಾರ್ನರ್ ಬೇಕಾದದ್ದು ಈ ವ್ಯತ್ಯಾಸ ತೋರಿಸಲು.

ಈ ಕಾಣುವುದನ್ನು ಅಧಿಕಾರ ಕೂಡ ಎಂದೂ ಸುಮ್ನೆ ಬಿಟ್ಟಿಲ್ಲ. ರಾಯಚೂರು, ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ ತನ್ನ ಫಸಲಿ ಲೆಕ್ಕದ 1329ನೇ ವರ್ಷದಲ್ಲಿ, ಅಂದರೆ 1919ರಲ್ಲಿ, ಹಿಜಡಾ ಸಮುದಾಯದವರ ಮೇಲೆ ಒಂದು ಕಾಯ್ದೆ ತಂದಿತು. ಅವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ರಿಜಿಸ್ಟರಿನಲ್ಲಿ ಇರುವವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಬೀದಿಗೆ ಕಾಣುವ ಹಾಗೆ ನಿಂತರೆ, ಬಹಿರಂಗವಾಗಿ ಕುಣಿದರೆ, ವಾದ್ಯ ಬಾರಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದು. 'ಬೀದಿಗೆ ಕಾಣುವ ಹಾಗೆ' ಅನ್ನುವ ಮಾತು ಗಮನಿಸಿ. ನಿಮ್ಮ ಗೆಳೆಯನ ಮಾತು ನೂರು ವರ್ಷದ ಹಿಂದೆಯೇ ಕಾಯ್ದೆ ಆಗಿತ್ತು! ತೆಲಂಗಾಣ ಹೈಕೋರ್ಟ್ ಅದನ್ನು ಅಸಿಂಧು ಅಂದದ್ದು 2023ರಲ್ಲಿ. ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಅಂಥದ್ದೇ ರಿಜಿಸ್ಟರ್ ಇಡಲು ಹೊರಟಿತ್ತು. ಕೋರ್ಟಿಗೆ ಹೋದ ಮೇಲೆ ತಿದ್ದಬೇಕಾಯಿತು.

ಇನ್ನು ಮಂಜಮ್ಮ ಜೋಗತಿ, ಇದೇ ಪರಂಪರೆಯ ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ ಹುಲಿಗಿಯಲ್ಲಿ ದೀಕ್ಷೆ ತೆಗೆದುಕೊಂಡವರು, ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ಅವರು ರಾಷ್ಟ್ರಪತಿಗಳ ಮುಂದೆ ನಿಂತು ಸೆರಗು ಹಿಡಿದು ದೃಷ್ಟಿ ತೆಗೆದರು. ಆ ವಿಡಿಯೋ ನೀವೂ ನೋಡಿರುತ್ತೀರಿ. ಅದರಲ್ಲಿ ಒಂದು ಮಾತೂ ಇಲ್ಲ, ವಾದ ಇಲ್ಲ. ಜೋಗತಿಯರ ಲೋಕದ ಒಂದು ಕೈಚಲನೆ ಸರಕಾರದ ದರ್ಬಾರಿಗೆ ಹೋಯಿತು, ಅಲ್ಲಿಂದ ಲಕ್ಷಾಂತರ ಅಪರಿಚಿತರ ಮೊಬೈಲಿಗೆ ಹೋಯಿತು. ಹ್ಯಾಬರ್ಮಾಸರ ಚರ್ಚಾಕೂಟದಲ್ಲಿ ಇದನ್ನು ಎಲ್ಲಿ ಇಡುತ್ತೀರಿ? ವಾರ್ನರ್‌ರಲ್ಲಿ ಇದಕ್ಕೆ ಜಾಗ ಇದೆ. ಸೆಮಿನಾರಿನಲ್ಲಿ ಈ ಒಂದು ದೃಶ್ಯವನ್ನೇ ಹತ್ತು ನಿಮಿಷ ಬಿಡಿಸಿ ಹೇಳಿದರೂ ಸಾಕು.

ಒಂದು ಎಚ್ಚರಿಕೆ. ಇಂಥ ವಿಷಯ ಬಂದ ಕೂಡಲೇ ಜೇಡರ ದಾಸಿಮಯ್ಯನ 'ನಡುವೆ ಸುಳಿವಾತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ' ಹೇಳಿ ಚಪ್ಪಾಳೆ ಗಿಟ್ಟಿಸುವ ಅಭ್ಯಾಸ ನಮ್ಮಲ್ಲಿದೆ. ವಚನ ದೊಡ್ಡದು. ಆದರೆ ಅದು ಆತ್ಮದ ಮಾತು, ಬಾಡಿಗೆ ಮನೆ ಬೇಕಾಗಿರುವುದು ಮೈಗೆ. ದಯವಿಟ್ಟು ಅದರಿಂದ ಶುರು ಮಾಡಬೇಡಿ.

ವಾರ್ನರ್ ಹೇಳಿದ್ದೆಲ್ಲ ನಮಗೆ ಒಗ್ಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಅವರ ಪಬ್ಲಿಕ್ ಅಚ್ಚಿನಿಂದ ಹುಟ್ಟಿದ್ದು, ಓದುಗರಿಂದ ಬೆಳೆದದ್ದು. ಚೌಡಿಕೆ ಪದ ಬಾಯಿಂದ ಬಾಯಿಗೆ, ಗುರುವಿನಿಂದ ಶಿಷ್ಯೆಗೆ ಹೋಗುತ್ತದೆ. ಅವರ ಪಬ್ಲಿಕ್‌ನಲ್ಲಿ ಎಲ್ಲರೂ ಅಪರಿಚಿತರು. ನಮ್ಮಲ್ಲಿ ಯಾವ ಓಣಿ, ಯಾವ ಜಾತಿ, ಯಾರ ಮನೆ ಅಂತ ಮೊದಲ ಎರಡು ಮಾತಿನಲ್ಲೇ ಗೊತ್ತಾಗಿಬಿಡುತ್ತದೆ. ಜಾತಿ ಅವರಿಗೆ ಎದುರಾದ ಪ್ರಶ್ನೆಯೇ ಅಲ್ಲ. ಜೋಗಪ್ಪನಾಗುವುದು ಅಮ್ಮ ಕರೆದದ್ದರಿಂದ, ತಾನು ಆರಿಸಿಕೊಂಡದ್ದರಿಂದ ಅಲ್ಲ ಅಂತ ಜೋಗಪ್ಪಂದಿರೇ ಹೇಳುತ್ತಾರೆ. ಅವರನ್ನು ಬಲವಂತವಾಗಿ 'ಕ್ವಿಯರ್' ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ಒಂದು ಕಡೆ ವಾರ್ನರ್ ನಮ್ಮ ಸೀಮೆಗೆ ಬಹಳ ಹತ್ತಿರ ಬರುತ್ತಾರೆ. ಅವರ ಪ್ರಕಾರ ಕ್ವಿಯರ್ ರಾಜಕಾರಣ ಬರೀ ಗೇ-ಲೆಸ್ಬಿಯನ್ ಹಕ್ಕಿನ ವಿಷಯ ಅಲ್ಲ. 'ಇದೇ ಸರಿಯಾದ ಬದುಕು' ಅಂತ ಹೇರುವ ಇಡೀ ಏರ್ಪಾಡಿಗೆ ಒಡ್ಡುವ ಪ್ರತಿರೋಧ ಅದು. ಶಾಲೆಯ ಅರ್ಜಿಯಲ್ಲಿ 'ತಂದೆಯ ಹೆಸರು' ಅನ್ನುವ ಒಂದು ಖಾಲಿ ಗೆರೆ ಇರುತ್ತದಲ್ಲ, ದೇವದಾಸಿ ತಾಯಂದಿರ ಮಕ್ಕಳು ಆ ಗೆರೆಯ ಮುಂದೆ ಪೆನ್ನು ಹಿಡಿದು ಕೂತದ್ದನ್ನು ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಮೇಷ್ಟ್ರೂ ನೋಡಿರುತ್ತಾರೆ. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಆದರೆ ಅರ್ಜಿಯ ಗೆರೆ ಅಷ್ಟು ಬೇಗ ಬದಲಾಗಲಿಲ್ಲ. ಲಗ್ನಪತ್ರಿಕೆಯ ಲೋಕ ಮತ್ತು ಈ ಗೆರೆ ಒಂದೇ ಏರ್ಪಾಡಿನ ಎರಡು ತುದಿ.

1999ರ 'ದಿ ಟ್ರಬಲ್ ವಿತ್ ನಾರ್ಮಲ್' ಪುಸ್ತಕದಲ್ಲಿ ಮದುವೆಯ ಹಕ್ಕನ್ನೇ ಚಳವಳಿಯ ದೊಡ್ಡ ಗುರಿ ಮಾಡಿಕೊಳ್ಳುವುದನ್ನು ವಾರ್ನರ್ ಪ್ರಶ್ನೆ ಮಾಡಿದ್ದೂ ಇದಕ್ಕೇ. ಸರಕಾರ ಮದುವೆ ಆದವರಿಗೆ ಸವಲತ್ತು ಕಟ್ಟಿಟ್ಟಷ್ಟೂ ಆಗದವರು ಕೆಳಗೆ ಬೀಳುತ್ತಾರೆ ಅನ್ನುವುದು ಅವರ ಚಿಂತೆ. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆ ತೀರ್ಪನ್ನು ಸಮರ್ಥಿಸಲು ಯಾರಾದರೂ ವಾರ್ನರ್ ಹೆಸರು ತಂದರೆ ಒಪ್ಪಬೇಡಿ. ಅವರು ಬಾಗಿಲು ಮುಚ್ಚಿ ಅಂದವರಲ್ಲ. ಒಂದೇ ಬಾಗಿಲು ಯಾಕೆ ಅಂತ ಕೇಳಿದವರು.

ಓದುವ ಕ್ರಮ ಹೇಳುತ್ತೇನೆ. 2002ರ ಪುಸ್ತಕದ ಎರಡನೇ ಅಧ್ಯಾಯ ಮೊದಲು ಓದಿ, ಪುಸ್ತಕದ ಹೆಸರೇ ಅದಕ್ಕೂ ಇದೆ. ಆಮೇಲೆ ಖಾಸಗಿ-ಸಾರ್ವಜನಿಕದ ಬಗ್ಗೆ ಇರುವ ಮೊದಲ ಅಧ್ಯಾಯ. 'ಸೆಕ್ಸ್ ಇನ್ ಪಬ್ಲಿಕ್' ಕೊನೆಗೆ ಓದಿ, ಅದೂ ಇದೇ ಪುಸ್ತಕದಲ್ಲಿದೆ. ಸೆಮಿನಾರಿಗೆ ಹುಲಿಗಿಯ ಉದಾಹರಣೆ ತೆಗೆದುಕೊಳ್ಳುವುದಾದರೆ ಹುಣ್ಣಿಮೆ ದಿನ ಮೊಬೈಲ್ ಹಿಡಿದು ಹೋಗಬೇಡಿ, ಅವತ್ತು ಅವರಿಗೆ ಪುರುಸೊತ್ತು ಇರುವುದಿಲ್ಲ. ಬೇರೆ ದಿನ ಹೋಗಿ, ಹಿರಿಯ ಜೋಗತಿಯನ್ನು 'ಅಮ್ಮ' ಅಂತ ಮಾತಾಡಿಸಿ, ಯಾಕೆ ಬಂದಿದ್ದೀರಿ ಅಂತ ಮೊದಲೇ ಹೇಳಿ. ಅವರ ಹಾಡುಗಳನ್ನು ಯಾರು ಕೇಳಬೇಕು ಅಂತ ಅವರಿಗೆ ಇಷ್ಟ, ಅದನ್ನು ಕೇಳಿ. ಬರೆದದ್ದನ್ನು ವಿಭಾಗಕ್ಕೆ ಕೊಡುವ ಮುಂಚೆ ಅವರಿಗೆ ಓದಿ ಹೇಳಿ, ಬೇಡ ಅಂದದ್ದನ್ನು ತೆಗೆದುಹಾಕಿ.